ಪೈಪ್ ಒಡೆದಾಗ ಕೆಳಗಿಳಿಯುವವರು ಯಾರು?

2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ಒಂದು ಸ್ಪಷ್ಟ ಆದೇಶ ನೀಡಿತು. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್ ಮತ್ತು ನಮ್ಮ ಬೆಂಗಳೂರು, ಈ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸಿ ಒಳಚರಂಡಿ ಸ್ವಚ್ಛ ಮಾಡಿಸುವುದು ನಿಲ್ಲಬೇಕು ಎಂಬುದು ಅದರ ತಿರುಳು. ಆ ಆದೇಶದ ಶಾಯಿ ಆರುವ ಮೊದಲೇ, ಅಂದರೆ ಫೆಬ್ರುವರಿ 2ರ ಭಾನುವಾರ, ಕೋಲ್ಕತ್ತದ ಬಂತಲಾ ಚರ್ಮೋದ್ಯಮ ಪ್ರದೇಶದ ಮ್ಯಾನ್‌ಹೋಲ್ ಒಂದರಲ್ಲಿ ಮೂವರು ಕಾರ್ಮಿಕರು ಸತ್ತರು.

ಇಂಥ ಸುದ್ದಿ ನಮಗೆ ಹೊಸದಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಗ್ಗದಾಸಪುರದಲ್ಲಿ ಮೂವರು, 2021ರ ಜನವರಿಯಲ್ಲಿ ಕಲಬುರಗಿಯಲ್ಲಿ ಇಬ್ಬರು, ಅದೇ ವರ್ಷದ ಜೂನ್‌ನಲ್ಲಿ ರಾಮನಗರದಲ್ಲಿ ಮೂವರು ಹೀಗೆಯೇ ಪ್ರಾಣ ಬಿಟ್ಟರು. ಪ್ರತಿ ಸಲವೂ ಸುದ್ದಿಯ ಸಾಲುಗಳು ಬಹುತೇಕ ಒಂದೇ: ಉಸಿರುಗಟ್ಟಿ ಸಾವು, ಗುತ್ತಿಗೆದಾರನ ವಿರುದ್ಧ ಪ್ರಕರಣ, ಕುಟುಂಬಕ್ಕೆ ಪರಿಹಾರ. ಆಮೇಲೆ ನಡೆಯುವ ಚರ್ಚೆಯೂ ಒಂದೇ: ಇಷ್ಟೊಂದು ಯಂತ್ರಗಳಿರುವಾಗ ಮನುಷ್ಯ ಯಾಕೆ ಇಳಿಯಬೇಕು?

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅದು ಅರ್ಧ ಪ್ರಶ್ನೆ. ಕಟ್ಟಿಕೊಂಡ ಹೂಳು ತೆಗೆಯಲು ಯಂತ್ರವಿದೆ. ಒಡೆದ ಪೈಪು ಬದಲಿಸಲು, ಕುಸಿದ ಮ್ಯಾನ್‌ಹೋಲ್ ಮರಳಿ ಕಟ್ಟಲು, ಹೊಸ ಬಡಾವಣೆಯ ಕೊಳವೆಯನ್ನು ಹಳೆಯ ಮುಖ್ಯ ಮಾರ್ಗಕ್ಕೆ ಜೋಡಿಸಲು ಇವತ್ತಿಗೂ ಬಹುತೇಕ ಕಡೆ ಮನುಷ್ಯನೇ ಇಳಿಯಬೇಕು. ಸ್ವಚ್ಛತೆಯ ಬಗ್ಗೆ ನಾವು ಮಾತನಾಡಿದಷ್ಟು ದುರಸ್ತಿಯ ಬಗ್ಗೆ ಮಾತನಾಡಿಲ್ಲ. ಮುಂದಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಹೆಚ್ಚಲಿರುವುದು ಈ ದುರಸ್ತಿಯ ಕೆಲಸವೇ.

ಕಾನೂನಿನಲ್ಲೇ ಇರುವ ಬಾಗಿಲು

ಮಲ ಹೊರುವವರ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013ರ ಡಿಸೆಂಬರ್ 6ರಿಂದ ಜಾರಿಯಲ್ಲಿದೆ. ಒಳಚರಂಡಿ ಮತ್ತು ಶೌಚಗುಂಡಿಗಳ ‘ಅಪಾಯಕಾರಿ ಸ್ವಚ್ಛತೆ’ಗೆ ಯಾರನ್ನೂ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ನೇಮಿಸಬಾರದು ಎಂದು ಅದರ 7ನೇ ಸೆಕ್ಷನ್ ಹೇಳುತ್ತದೆ. ಮೊದಲ ಸಲ ಉಲ್ಲಂಘಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ತಪ್ಪು ಮಾಡಿದರೆ ಐದು ವರ್ಷ, 5 ಲಕ್ಷ. ಓದಲು ಕಠಿಣವಾಗಿಯೇ ಇದೆ.

ಆದರೆ ‘ಅಪಾಯಕಾರಿ ಸ್ವಚ್ಛತೆ’ ಎಂದರೇನು? ರಕ್ಷಣಾ ಸಾಧನ ಕೊಡದೆ, ಸುರಕ್ಷತಾ ಕ್ರಮ ಪಾಲಿಸದೆ ಕೈಯಿಂದ ಮಾಡಿಸುವ ಸ್ವಚ್ಛತೆ. ಅಂದರೆ ಸಾಧನ ಕೊಟ್ಟು, ಕ್ರಮ ಪಾಲಿಸಿ ಇಳಿಸಿದರೆ ಅದು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಾಗೆ ಇಳಿಸಲು ಯಾವ ಸಂದರ್ಭದಲ್ಲಿ ಅವಕಾಶವಿದೆ ಎಂಬುದನ್ನು ಅದೇ ವರ್ಷದ ನಿಯಮಗಳು ಪಟ್ಟಿ ಮಾಡಿವೆ: ಯಂತ್ರ ಬಳಸಲಾಗದ ಕಡೆ ಹಾಳಾದ ಮುಚ್ಚಳ ತೆಗೆಯಲು, 300 ಮಿಲಿಮೀಟರ್‌ಗಿಂತ ದೊಡ್ಡ ವ್ಯಾಸದ ಮಾರ್ಗಗಳಲ್ಲಿ ಹೊಸ ಮುಖ್ಯ ಕೊಳವೆಯನ್ನು ಹಳೆಯದಕ್ಕೆ ಜೋಡಿಸಲು, ಬಾವಿಯ ತಳದಲ್ಲಿರುವ ಸಬ್‌ಮರ್ಸಿಬಲ್ ಪಂಪ್ ಎತ್ತಲು, ಮ್ಯಾನ್‌ಹೋಲ್ ಮರುನಿರ್ಮಾಣಕ್ಕೆ ಮತ್ತು ಮುಖ್ಯ ಕೊಳವೆಯನ್ನು ಸರಿಪಡಿಸಲು. ಇವುಗಳ ಹೊರತಾಗಿ, ತೀರಾ ಅನಿವಾರ್ಯ ಎನಿಸಿದರೆ, ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಿ ಅನುಮತಿ ಕೊಡಬಹುದು.

ಈ ಪಟ್ಟಿಯನ್ನು ಬರೆದವರು ಮೋಸಕ್ಕೆ ಬರೆದದ್ದಲ್ಲ. ಆಳದಲ್ಲಿ ಕುಸಿದ ಕೊಳವೆಯನ್ನು ಮೇಲಿನಿಂದಲೇ ಜೋಡಿಸಲು ಆಗುವುದಿಲ್ಲ ಎಂಬುದು ತಾಂತ್ರಿಕ ಸತ್ಯ. ತೊಂದರೆ ಇರುವುದು ಬಾಗಿಲು ಇರುವುದರಲ್ಲಿ ಅಲ್ಲ, ಆ ಬಾಗಿಲಲ್ಲಿ ಕಾವಲು ಇಲ್ಲದಿರುವುದರಲ್ಲಿ. ಯಾವ ಊರಿನಲ್ಲಿ, ಯಾವ ದಿನ, ಯಾವ ವಿನಾಯಿತಿಯಡಿ, ಎಷ್ಟು ಜನ ಇಳಿದರು ಎಂಬ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬೀಳುವುದಿಲ್ಲ. ಬೀಳುವುದು ಹೆಣ ಮೇಲೆ ಬಂದಾಗ ಮಾತ್ರ.

ಪೈಪು ಕೊಳೆಸುವ ಅನಿಲವೇ ಮನುಷ್ಯನನ್ನೂ ಕೊಲ್ಲುತ್ತದೆ

ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ ತಿಳಿದಿರುವ, ಉಳಿದವರಿಗೂ ತಿಳಿಯಬೇಕಾದ ಒಂದು ಸಂಗತಿ ಇಲ್ಲಿದೆ. ಒಳಚರಂಡಿಯ ಕಾಂಕ್ರೀಟ್ ಕೊಳವೆ ಸಾಮಾನ್ಯವಾಗಿ ಕೆಳಗಿನಿಂದ ಸವೆಯುವುದಿಲ್ಲ, ಮೇಲಿನಿಂದ ಕೊಳೆಯುತ್ತದೆ. ಕೊಳಚೆ ನಿಧಾನವಾಗಿ ಹರಿದಾಗ ಅಥವಾ ನಿಂತಾಗ ಅದರಲ್ಲಿನ ಆಮ್ಲಜನಕ ಮುಗಿಯುತ್ತದೆ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ನೀರಿನಲ್ಲಿರುವ ಸಲ್ಫೇಟನ್ನು ಸಲ್ಫೈಡ್ ಮಾಡುತ್ತವೆ. ಅದು ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಮೇಲೇಳುತ್ತದೆ. ಕೊಳವೆಯ ಒದ್ದೆ ಚಾವಣಿಗೆ ಅಂಟಿಕೊಂಡ ಮತ್ತೊಂದು ಬಗೆಯ ಬ್ಯಾಕ್ಟೀರಿಯಾಗಳು ಆ ಅನಿಲವನ್ನು ಗಂಧಕಾಮ್ಲವಾಗಿ ಬದಲಿಸುತ್ತವೆ. ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಕಾಂಕ್ರೀಟ್ ಮೆತ್ತಗಾಗಿ ಉದುರುತ್ತದೆ, ಒಳಗಿನ ಕಬ್ಬಿಣ ಹೊರಬಂದು ತುಕ್ಕು ಹಿಡಿಯುತ್ತದೆ. ಒಂದು ದಿನ ಚಾವಣಿ ಕುಸಿದು ಮೇಲಿನ ರಸ್ತೆಯಲ್ಲಿ ಗುಂಡಿ ಬೀಳುತ್ತದೆ. ನಾವು ಕಾಣುವುದು ಆ ಗುಂಡಿಯನ್ನಷ್ಟೇ.

ಇದರ ಅರ್ಥವೇನು? ಹೀಗೆ ಕೊಳೆತು ದುರಸ್ತಿಗೆ ಬಂದ ಕೊಳವೆ ಎಂದರೆ ವರ್ಷಗಟ್ಟಲೆ ಆ ಅನಿಲ ತುಂಬಿಕೊಂಡಿದ್ದ ಕೊಳವೆ. ಪೈಪನ್ನು ಕೊಂದ ಅನಿಲವೇ ಪೈಪು ಸರಿಪಡಿಸಲು ಹೋದವನಿಗಾಗಿ ಕೆಳಗೆ ಕಾದಿರುತ್ತದೆ. ಕೊಳವೆ ಕುಸಿದಿರುವುದರಿಂದ ಹರಿವು ನಿಂತು ಅನಿಲ ಇನ್ನಷ್ಟು ಹುಟ್ಟುತ್ತಿರುತ್ತದೆ. ಹಾಗಾಗಿ ದುರಸ್ತಿಯ ಇಳಿತ ಮಾಮೂಲಿ ಸ್ವಚ್ಛತೆಯ ಇಳಿತಕ್ಕಿಂತ ಕಡಿಮೆ ಅಪಾಯದ್ದು ಎಂದು ಭಾವಿಸಲು ಯಾವ ಆಧಾರವೂ ಇಲ್ಲ.

ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ತುಸು ಭಾರ. ಗುಂಡಿಯ ತಳದಲ್ಲಿ ಕೂಡಿಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಇದರದ್ದೇ. ಆದರೆ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 100 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ ಮುಟ್ಟಿದರೆ ಕೆಲವೇ ನಿಮಿಷಗಳಲ್ಲಿ ಮೂಗು ಸೋಲುತ್ತದೆ, ವಾಸನೆಯೇ ತಿಳಿಯುವುದಿಲ್ಲ. ‘ವಾಸನೆ ಕಡಿಮೆಯಾಯಿತು, ಇನ್ನು ಪರವಾಗಿಲ್ಲ’ ಎಂದು ಅನ್ನಿಸುವ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ ಆಗಿರಬಹುದು. 500 ಪಿಪಿಎಂ ದಾಟಿದರೆ ಐದಾರು ನಿಮಿಷದಲ್ಲಿ ಮನುಷ್ಯ ತತ್ತರಿಸಿ ಬೀಳುತ್ತಾನೆ. 1000ದ ಹತ್ತಿರ ಹೋದರೆ ಒಂದೆರಡು ಉಸಿರು ಸಾಕು. ಇದರ ಜೊತೆಗೆ ಹೊತ್ತಿಕೊಳ್ಳುವ ಮೀಥೇನ್ ಇರುತ್ತದೆ. ಆಮ್ಲಜನಕ ಸಾಮಾನ್ಯ ಗಾಳಿಯಲ್ಲಿ ಶೇ 20.9 ಇದ್ದರೆ ಕೆಳಗೆ ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು.

ಇವನ್ನು ಕಣ್ಣು, ಮೂಗು, ಅನುಭವ ಯಾವುದೂ ಅಳೆಯಲಾರವು. ಮುಚ್ಚಳ ತೆಗೆದಾಗ ಜಿರಳೆ ಜೀವಂತ ಹೊರಬಂದರೆ ಗಾಳಿ ಸರಿಯಿದೆ ಎಂದುಕೊಳ್ಳುವುದು, ಉರಿಯುವ ಕಡ್ಡಿ ಇಳಿಬಿಟ್ಟು ನೋಡುವುದು ನಮ್ಮ ದೇಶದ ಹಳೆಯ ‘ಪರೀಕ್ಷೆ’ಗಳು. ಮೀಥೇನ್ ಇರುವ ಕಡೆ ಕಡ್ಡಿ ಗೀರುವುದು ಆತ್ಮಹತ್ಯೆಗೆ ಸಮ. ಇದಕ್ಕಿರುವ ಸರಿಯಾದ ಸಾಧನ ನಾಲ್ಕು ಅನಿಲಗಳ ಮಾಪಕ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಬೆಲೆ ಒಂದು ಒಳ್ಳೆಯ ಲ್ಯಾಪ್‌ಟಾಪ್‌ಗಿಂತ ಹೆಚ್ಚಿಲ್ಲ. 2013ರ ನಿಯಮಗಳ ಸಾಧನಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಬಟ್ಟೆಯ ಮಾಸ್ಕ್ ಆಗಲಿ, ಸಾಮಾನ್ಯ ಫಿಲ್ಟರ್ ಮಾಸ್ಕ್ ಆಗಲಿ ಆಮ್ಲಜನಕ ಇಲ್ಲದ ಕಡೆ ಆಮ್ಲಜನಕ ಕೊಡುವುದಿಲ್ಲ. ಅಲ್ಲಿ ಮೇಲಿನಿಂದ ಕೊಳವೆಯ ಮೂಲಕ ಶುದ್ಧ ಗಾಳಿ ಪೂರೈಸುವ ಅಥವಾ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವ ಉಪಕರಣವೇ ಬೇಕು.

ಸರಿಯಾದ ದುರಸ್ತಿ ಹೇಗಿರುತ್ತದೆ?

ಮುಖ್ಯ ಕೊಳವೆಯೊಂದನ್ನು ಕ್ರಮವಾಗಿ ದುರಸ್ತಿ ಮಾಡುವುದಾದರೆ ಮೊದಲ ಕೆಲಸ ಗುದ್ದಲಿಯದಲ್ಲ, ನಕ್ಷೆಯದು. ನೀರು ಎಲ್ಲಿಂದ ಬರುತ್ತದೆ, ಮೇಲ್ಭಾಗದ ಪಂಪಿಂಗ್ ಸ್ಟೇಷನ್ ಯಾರ ಕೈಯಲ್ಲಿದೆ, ಅದನ್ನು ನಿಲ್ಲಿಸುವವರು ಯಾರು ಎಂಬುದು ಮೊದಲೇ ಗೊತ್ತಿರಬೇಕು. ಬಳಿಕ ಮೇಲಿನ ಮ್ಯಾನ್‌ಹೋಲ್‌ನಲ್ಲಿ ಗಾಳಿ ತುಂಬುವ ರಬ್ಬರ್ ಬಿರಡೆಯಿಂದ ಹರಿವನ್ನು ಕಟ್ಟಬೇಕು. ಕೆಳಗಿನಿಂದ ಕೊಳಚೆ ಹಿಮ್ಮುಖವಾಗಿ ಬರದಂತೆ ಆಚೆಗೂ ಬಿರಡೆ ಹಾಕಬೇಕು. ತಡೆದ ಕೊಳಚೆಯನ್ನು ಪಂಪ್ ಮೂಲಕ ಪಕ್ಕದ ದಾರಿಯಲ್ಲಿ ಮುಂದಿನ ಮ್ಯಾನ್‌ಹೋಲ್‌ಗೆ ಸಾಗಿಸಬೇಕು. ಅಕ್ಕಪಕ್ಕದ ಮುಚ್ಚಳಗಳನ್ನು ತೆರೆದು ಬ್ಲೋವರ್‌ನಿಂದ ಹೊಸ ಗಾಳಿ ಹಾಯಿಸಬೇಕು.

ಆಮೇಲೆ ಮಾಪಕವನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆಯಿದ್ದರೆ ಇಳಿಯುವಂತಿಲ್ಲ ಎಂಬುದು ಜಗತ್ತಿನ ಬಹುತೇಕ ಕಡೆ ಒಪ್ಪಿದ ಮಿತಿ. ಇಳಿಯುವವರು ಮೈಗೆ ಹಾರ್ನೆಸ್ ಕಟ್ಟಿಕೊಳ್ಳಬೇಕು. ಅದರ ಹಗ್ಗ ಮೇಲೆ ನಿಂತ ಮುಕ್ಕಾಲಿ ಸ್ಟ್ಯಾಂಡಿನ ರಾಟೆಗೆ ಸೇರಿರಬೇಕು. ಮೇಲೆ ಒಬ್ಬ ಕಾವಲುಗಾರ ಕದಲದೆ ನಿಂತಿರಬೇಕು. ಚಹಾ ತರಲು ಕೂಡ ಅವನನ್ನು ಕಳಿಸುವಂತಿಲ್ಲ. ಕೆಲಸ ನಡೆಯುವಷ್ಟು ಹೊತ್ತೂ ಮಾಪಕ ಓಡುತ್ತಲೇ ಇರಬೇಕು. ಯಾಕೆಂದರೆ ತಳದ ಕೆಸರನ್ನು ಕಾಲಿನಿಂದ ಕಲಕಿದರೂ ಅದರಲ್ಲಿ ಅಡಗಿದ್ದ ಅನಿಲ ಒಮ್ಮೆಲೇ ಹೊರಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಸರಿಯಿದ್ದ ಗಾಳಿ ಹತ್ತೂವರೆಗೆ ಸರಿಯಿರುತ್ತದೆ ಎಂಬ ಭರವಸೆ ಇಲ್ಲ.

ರಸ್ತೆ ಅಗೆದು ಮಾಡುವ ದುರಸ್ತಿಯಲ್ಲಿ ಇನ್ನೊಂದು ಅಪಾಯವಿದೆ: ಮಣ್ಣು. ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ, ಸಣ್ಣ ಕಾರೊಂದಕ್ಕಿಂತ ಹೆಚ್ಚು. ಎದೆಮಟ್ಟ ಮಣ್ಣು ಕುಸಿದರೂ ತಲೆ ಮೇಲಿದ್ದವನು ಉಸಿರಾಡಲಾಗದೆ ಸಾಯಬಹುದು. ಹಾಗಾಗಿ ಸುಮಾರು ಒಂದೂವರೆ ಮೀಟರ್‌ಗಿಂತ ಆಳದ ಕಂದಕಕ್ಕೆ ಎರಡೂ ಬದಿ ಹಲಗೆ, ತೊಲೆಗಳ ಆಸರೆ ಬೇಕು. ಒಡೆದ ಕೊಳವೆಯ ಸುತ್ತಲಿನ ಮಣ್ಣು ಕೊಳಚೆ ಕುಡಿದು ಮೊದಲೇ ಸಡಿಲವಾಗಿರುತ್ತದೆ. ಕಲಬುರಗಿ, ವಿಜಯಪುರದ ಕಡೆಯ ಎರೆಮಣ್ಣಾದರೆ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಹಿಗ್ಗುತ್ತದೆ. ಅಗೆದ ಮಣ್ಣನ್ನು ಕಂದಕದ ಅಂಚಿನಲ್ಲೇ ರಾಶಿ ಹಾಕಿ, ಪಕ್ಕದಲ್ಲೇ ಜೆಸಿಬಿ ನಿಲ್ಲಿಸಿ, ಕೆಳಗೆ ಇಬ್ಬರನ್ನು ಇಳಿಸಿರುವ ದೃಶ್ಯವನ್ನು ನಮ್ಮ ಊರುಗಳಲ್ಲಿ ಯಾರೂ ನೋಡಬಹುದು.

ಇವೆಲ್ಲ ಹೊಸ ಜ್ಞಾನವೇನಲ್ಲ. ಒಳಚರಂಡಿಗೆ ಇಳಿಯುವಾಗ ತೆಗೆದುಕೊಳ್ಳಬೇಕಾದ ಎಚ್ಚರಿಕೆಗಳ ಬಗ್ಗೆ ಭಾರತೀಯ ಮಾನಕ ಸಂಸ್ಥೆಯ ಸಂಹಿತೆ, ಐಎಸ್ 11972, ಬಂದದ್ದು 1987ರಲ್ಲಿ. ನಾನು ಹುಟ್ಟುವುದಕ್ಕೂ ಎಷ್ಟೋ ವರ್ಷ ಮೊದಲು.

ಹಾಗಿದ್ದರೂ ಯಾಕೆ ಆಗುತ್ತಿಲ್ಲ? ಮೇಲೆ ಹೇಳಿದ ಸಿದ್ಧತೆಗೆ ಅರ್ಧ ದಿನವಾದರೂ ಬೇಕು. ಪೈಪು ಒಡೆದ ಬೀದಿಯಲ್ಲಿ ಆ ಅರ್ಧ ದಿನ ಯಾರಿಗೂ ಬೇಡ. ಕೊಳಚೆ ಮನೆಬಾಗಿಲಿಗೆ ಬಂದಿರುತ್ತದೆ. ನಿವಾಸಿಗಳ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊಗಳು ಹರಿದಾಡುತ್ತವೆ. ಜನಪ್ರತಿನಿಧಿಗೆ ಕರೆ ಹೋಗುತ್ತದೆ, ಅವರಿಂದ ಎಂಜಿನಿಯರ್‌ಗೆ, ಎಂಜಿನಿಯರ್‌ನಿಂದ ಗುತ್ತಿಗೆದಾರನಿಗೆ, ಅಲ್ಲಿಂದ ಮೇಸ್ತ್ರಿಗೆ. ‘ಸಂಜೆಯೊಳಗೆ ಮುಗಿಸಿ’ ಎಂಬ ಮಾತು ಕೆಳಗಿಳಿಯುತ್ತಾ ಹೋದಂತೆ ಒಬ್ಬೊಬ್ಬರೂ ತಮ್ಮ ಭಾರವನ್ನು ಕೆಳಗಿನವರ ಹೆಗಲಿಗೆ ದಾಟಿಸುತ್ತಾರೆ. ಕೊನೆಯಲ್ಲಿ ನಿಂತವನಿಗೆ ದಾಟಿಸಲು ಯಾರೂ ಇರುವುದಿಲ್ಲ. ಅವನು ಇಳಿಯುತ್ತಾನೆ. ಈ ಸರಪಳಿಯ ಮೊದಲ ಕೊಂಡಿ ನಾವು, ನಾಗರಿಕರು, ಎಂಬುದನ್ನು ಮರೆಯಬಾರದು.

ಒಬ್ಬನ ಹಿಂದೆ ಇನ್ನೊಬ್ಬ

ಮ್ಯಾನ್‌ಹೋಲ್ ದುರಂತಗಳಲ್ಲಿ ಸಾವು ಒಂದಕ್ಕೆ ನಿಲ್ಲದೆ ಎರಡು, ಮೂರು ಆಗುವುದೇಕೆ? ಒಬ್ಬ ಬಿದ್ದದ್ದನ್ನು ನೋಡಿ ಜೊತೆಗಾರ ಓಡಿ ಇಳಿಯುತ್ತಾನೆ. ಅದೇ ಗಾಳಿ ಅವನನ್ನೂ ಕೆಡವುತ್ತದೆ. 2015ರ ನವೆಂಬರ್‌ನಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಆಂಧ್ರದ ಇಬ್ಬರು ಕಾರ್ಮಿಕರು ಮ್ಯಾನ್‌ಹೋಲ್‌ನಲ್ಲಿ ಸಿಲುಕಿದಾಗ ಅವರನ್ನು ಉಳಿಸಲು ಇಳಿದ ಆಟೊ ಚಾಲಕರೊಬ್ಬರು ತಾವೂ ಸತ್ತರು. ಮುಚ್ಚಿದ ಜಾಗಗಳಲ್ಲಿನ ಸಾವುಗಳಲ್ಲಿ ಶೇ 60ಕ್ಕಿಂತ ಹೆಚ್ಚು ಮಂದಿ ಬೇರೆಯವರನ್ನು ರಕ್ಷಿಸಲು ಹೋದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಷ್ಟು ಹಿಂದೆಯೇ ಹೇಳಿತ್ತು.

ಅದಕ್ಕೇ ಹಾರ್ನೆಸ್, ಹಗ್ಗ, ರಾಟೆ ಇಷ್ಟು ಮುಖ್ಯ. ಇವಿದ್ದರೆ ಮೇಲಿನವನು ಇಳಿಯದೆ, ನಿಂತಲ್ಲೇ ರಾಟೆ ತಿರುಗಿಸಿ ಕೆಳಗಿನವನನ್ನು ಎತ್ತಬಹುದು. ಬ್ರಿಟನ್ನಿನ 1997ರ ನಿಯಮಗಳ ಪ್ರಕಾರ ರಕ್ಷಣೆಯ ಏರ್ಪಾಡು ಸಿದ್ಧವಾಗದೆ ಮುಚ್ಚಿದ ಜಾಗದೊಳಗೆ ಯಾರೂ ಕಾಲಿಡುವಂತಿಲ್ಲ. ನಮ್ಮಲ್ಲಿ ರಕ್ಷಣೆ ಎಂದರೆ ಅವಘಡ ಆದ ಮೇಲೆ ಅಗ್ನಿಶಾಮಕ ದಳಕ್ಕೆ ಮಾಡುವ ಕರೆ. ಮೆದುಳು ಆಮ್ಲಜನಕವಿಲ್ಲದೆ ತಾಳಬಲ್ಲದ್ದು ನಾಲ್ಕೈದು ನಿಮಿಷ. ನಮ್ಮ ಟ್ರಾಫಿಕ್‌ನಲ್ಲಿ ಅಷ್ಟರೊಳಗೆ ಯಾವ ವಾಹನ ಬಂದೀತು?

ಸತ್ತ ಮೇಲಿನ ಲೆಕ್ಕ

2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ದೇಶದಲ್ಲಿ ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕಾರಿ ಸ್ವಚ್ಛತೆಯಿಂದ 377 ಜನ ಸತ್ತಿದ್ದಾರೆ ಎಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. 2022 ಮತ್ತು 2023ರ 54 ಸಾವುಗಳ ಬಗ್ಗೆ ನಡೆದ ಸಾಮಾಜಿಕ ಪರಿಶೋಧನೆಯಲ್ಲಿ ಕಂಡದ್ದು ಇನ್ನೂ ನೇರ: 54ರಲ್ಲಿ 49 ಮಂದಿಯ ಮೈಮೇಲೆ ಯಾವ ರಕ್ಷಣಾ ಸಾಧನವೂ ಇರಲಿಲ್ಲ. ನಿಯಮಪುಸ್ತಕದಲ್ಲಿ ಸಾಧನಗಳ ಉದ್ದ ಪಟ್ಟಿ, ಗುಂಡಿಯ ಬಳಿ ಬರಿಗೈ.

ಸಾಯುವವರು ಯಾರು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ‘ನಮಸ್ತೆ’ ಯೋಜನೆಯಡಿ 2024ರ ಹೊತ್ತಿಗೆ ಗುರುತಿಸಿದ ಸುಮಾರು 38 ಸಾವಿರ ಒಳಚರಂಡಿ ಮತ್ತು ಶೌಚಗುಂಡಿ ಕಾರ್ಮಿಕರಲ್ಲಿ ಶೇ 68.9 ಮಂದಿ ಪರಿಶಿಷ್ಟ ಜಾತಿಯವರು. ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗ ಸೇರಿಸಿದರೆ ಶೇ 90 ದಾಟುತ್ತದೆ. ನಮ್ಮ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ದಶಕಗಳಿಂದ ಹೇಳುತ್ತಾ ಬಂದಿರುವುದೂ ಇದನ್ನೇ: ಇದು ಬರೀ ಯಂತ್ರದ ಕೊರತೆಯಲ್ಲ, ಜಾತಿಯ ಪ್ರಶ್ನೆ. ಕೆಳಗಿಳಿಯುವವನು ನಮ್ಮ ಪೈಕಿಯವನಾಗಿದ್ದರೆ ಆ ಅರ್ಧ ದಿನವನ್ನು ನಾವು ಕೊಡುತ್ತಿರಲಿಲ್ಲವೇ?

ನ್ಯಾಯಾಲಯ ಸುಮ್ಮನೆ ಕುಳಿತಿಲ್ಲ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್, ತುರ್ತು ಸಂದರ್ಭದಲ್ಲೂ ಸುರಕ್ಷತಾ ಸಾಧನವಿಲ್ಲದೆ ಒಳಚರಂಡಿಗೆ ಇಳಿಸುವುದು ಅಪರಾಧ ಎಂದಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರ್ 20ರಂದು ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಕುಟುಂಬಗಳಿಗೆ ಇದು ಬೇಕೇ ಬೇಕು. ಆದರೆ ಸಾವಿನ ನಂತರದ ಹಣವನ್ನೇ ನೋಡುತ್ತಾ ನಾವು ಸಾವಿನ ಮುಂಚಿನ ಹಣವನ್ನು ನೋಡಲೇ ಇಲ್ಲ. ಆ ಹಣ ಇರಬೇಕಾದದ್ದು ಟೆಂಡರ್‌ನಲ್ಲಿ.

ಟೆಂಡರ್‌ನಲ್ಲಿ ಇರಬೇಕಾದ ಸಾಲು

ಸರ್ಕಾರಿ ಕಾಮಗಾರಿ ಸಾಮಾನ್ಯವಾಗಿ ಕಡಿಮೆ ದರ ಕೂಗಿದವರ ಪಾಲಾಗುತ್ತದೆ. ಕೊಳವೆಯ ಬೆಲೆಯಲ್ಲಿ ಹೆಚ್ಚು ಇಳಿಸಲಾಗದು, ಸಿಮೆಂಟಿನ ಬೆಲೆಯಲ್ಲೂ ಇಳಿಸಲಾಗದು. ಸುರಕ್ಷತೆ ದರದೊಳಗೆ ಸೇರಿದೆ ಎಂದು ಒಂದು ಸಾಲು ಬರೆದುಬಿಟ್ಟರೆ, ಕಡಿತ ಬೀಳುವುದು ಅಲ್ಲಿಯೇ. ಬಿರಡೆ ತರದಿದ್ದರೆ ಉಳಿತಾಯ, ಬೈಪಾಸ್ ಪಂಪ್ ತರದಿದ್ದರೆ ಉಳಿತಾಯ, ಕಂದಕಕ್ಕೆ ಹಲಗೆ ಕೊಡದಿದ್ದರೆ ಉಳಿತಾಯ. ಪ್ರಾಮಾಣಿಕವಾಗಿ ಇವೆಲ್ಲದರ ಖರ್ಚು ಸೇರಿಸಿ ದರ ಕೂಗಿದ ಗುತ್ತಿಗೆದಾರ ಟೆಂಡರ್ ಕಳೆದುಕೊಳ್ಳುತ್ತಾನೆ. ಸುರಕ್ಷತೆಯನ್ನು ಪಾಲಿಸುವವನಿಗೇ ಶಿಕ್ಷೆ ಕೊಡುವ ಏರ್ಪಾಡಿದು.

ಇದಕ್ಕೆ ದಾರಿ ಇಲ್ಲವೇ? ಹಾಂಗ್‌ಕಾಂಗ್ ಸರ್ಕಾರ 1996ರಲ್ಲೇ ತನ್ನ ಸಾರ್ವಜನಿಕ ಕಾಮಗಾರಿಗಳಲ್ಲಿ ‘ಸುರಕ್ಷತೆಗೆ ಪಾವತಿ’ ಎಂಬ ಪದ್ಧತಿ ತಂದಿತು. ಗುತ್ತಿಗೆ ಮೊತ್ತದ ಸುಮಾರು ಶೇ 2ರಷ್ಟನ್ನು ಸುರಕ್ಷತಾ ಅಂಶಗಳಿಗೆಂದು ಪ್ರತ್ಯೇಕವಾಗಿ ಇಟ್ಟು, ಅದನ್ನು ದರ ಸ್ಪರ್ಧೆಯಿಂದಲೇ ಹೊರಗಿಟ್ಟಿತು. ಮಾಡಿದರೆ ನಿಗದಿತ ದರದಲ್ಲಿ ಹಣ, ಮಾಡದಿದ್ದರೆ ಇಲ್ಲ. ನಮ್ಮ ಒಳಚರಂಡಿ ಟೆಂಡರ್‌ಗಳಲ್ಲೂ ಅನಿಲ ಪರೀಕ್ಷೆ, ಬೈಪಾಸ್ ಪಂಪಿಂಗ್, ಕಂದಕದ ಆಸರೆ, ಮುಕ್ಕಾಲಿ ಸ್ಟ್ಯಾಂಡ್ ಮತ್ತು ಕಾವಲುಗಾರ, ಇವುಗಳಿಗೆ ಬೇರೆ ಬೇರೆ ಸಾಲು, ಬೇರೆ ಬೇರೆ ದರ ಇದ್ದರೆ ಅವುಗಳನ್ನು ಅಳತೆ ಪುಸ್ತಕದಲ್ಲಿ ಬರೆಯಲೇಬೇಕಾಗುತ್ತದೆ. ಬರೆಯದಿದ್ದರೆ ಬಿಲ್ ಆಗುವುದಿಲ್ಲ. ನೀತಿಬೋಧೆಗೆ ಮಣಿಯದವರು ಬಿಲ್ಲಿಗೆ ಮಣಿಯುತ್ತಾರೆ.

ಯಂತ್ರದಿಂದಲೇ ಎಲ್ಲ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. 2023ರ ಕೇಂದ್ರ ಬಜೆಟ್ ಭಾಷಣದಲ್ಲಿ ‘ಮ್ಯಾನ್‌ಹೋಲ್‌ನಿಂದ ಮೆಷಿನ್‌ಹೋಲ್‌ಗೆ’ ಎಂಬ ಮಾತು ಬಂತು. ಕೇರಳದ ಯುವ ಎಂಜಿನಿಯರ್‌ಗಳು ಕಟ್ಟಿದ ಬ್ಯಾಂಡಿಕೂಟ್ ರೋಬೊ ಮ್ಯಾನ್‌ಹೋಲ್‌ನ ಹೂಳನ್ನು ಮೇಲೆತ್ತುತ್ತದೆ. ದುರಸ್ತಿಯಲ್ಲೂ ತಂತ್ರಜ್ಞಾನ ಮುಂದೆ ಹೋಗಿದೆ. ಕ್ಯಾಮೆರಾ ಬಿಟ್ಟು ಕೊಳವೆಯ ಬಿರುಕು ನೋಡಬಹುದು. ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಹಳೆಯ ಕೊಳವೆಯೊಳಗೆ ತೂರಿಸಿ, ಬಿಸಿ ನೀರು ಅಥವಾ ಹಬೆಯಿಂದ ಗಟ್ಟಿಯಾಗಿಸಿ, ಕೊಳವೆಯೊಳಗೇ ಹೊಸ ಕೊಳವೆ ಮಾಡುವ ವಿಧಾನ ಲಂಡನ್‌ನಲ್ಲಿ ಮೊದಲು ಬಳಕೆಗೆ ಬಂದದ್ದು 1971ರಲ್ಲಿ. ಇವೆಲ್ಲ ಹೆಚ್ಚಬೇಕು. ಇಳಿಯುವ ಅಗತ್ಯವನ್ನೇ ಕಡಿಮೆ ಮಾಡುವುದು ಸುರಕ್ಷತೆಯ ಮೊದಲ ಪಾಠ.

ಆದರೆ ಇವುಗಳಿಗೂ ಮಿತಿಯಿದೆ. ಪೂರ್ತಿ ಕುಸಿದ ಕೊಳವೆಯೊಳಗೆ ಚೀಲ ತೂರಿಸಲಾಗದು. ಬಿರಡೆ ಕೂರಿಸಲು, ಜೋಡಣೆಯ ಬಾಯಿ ಕೊರೆಯಲು, ಸಿಕ್ಕಿಬಿದ್ದ ಯಂತ್ರವನ್ನೇ ಬಿಡಿಸಲು ಮತ್ತೆ ಮನುಷ್ಯನನ್ನು ಕರೆಯುತ್ತಾರೆ. ಮಹಾನಗರಕ್ಕೆ ಬಂದ ಯಂತ್ರ ಪುರಸಭೆಗೆ ತಲುಪಲು ವರ್ಷಗಳು ಬೇಕು. ಇತ್ತ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಒಳಚರಂಡಿ ಜಾಲ ಹಬ್ಬುತ್ತಲೇ ಇದೆ. ಸುಪ್ರೀಂ ಕೋರ್ಟಿನ ಜನವರಿಯ ಆದೇಶ ಹೆಸರಿಸಿದ್ದು ಆರು ನಗರಗಳನ್ನು. ಕಲಬುರಗಿ, ರಾಮನಗರ ಆ ಪಟ್ಟಿಯಲ್ಲಿಲ್ಲ. ಯಂತ್ರ ಬರುವವರೆಗೆ, ಯಂತ್ರ ಸೋತ ಕಡೆ, ಇಳಿಯುವವನ ಜೀವ ಉಳಿಸುವುದು ಕ್ರಮಬದ್ಧ ಕೆಲಸವೊಂದೇ.

ಸಹಿ ಯಾರದು?

ಅಮೆರಿಕದಲ್ಲಿ 1993ರಿಂದ ಇಂಥ ಜಾಗಗಳಿಗೆ ಇಳಿಯಲು ಪ್ರವೇಶ ಪರವಾನಗಿ ಬೇಕು. ಅದು ಒಂದು ಹಾಳೆ. ಯಾವ ಜಾಗ, ಯಾರು ಇಳಿಯುತ್ತಾರೆ, ಮೇಲೆ ಯಾರಿರುತ್ತಾರೆ, ಅನಿಲದ ಅಳತೆ ಎಷ್ಟು ಗಂಟೆಗೆ ಎಷ್ಟಿತ್ತು, ರಕ್ಷಣೆಯ ಏರ್ಪಾಡೇನು, ಎಲ್ಲವೂ ಅದರಲ್ಲಿರುತ್ತದೆ. ಕೆಳಗೆ ಹೊಣೆ ಹೊತ್ತವರ ಸಹಿ. ನಮ್ಮಲ್ಲೂ ಪ್ರತಿ ದುರಸ್ತಿಗೆ ಇಂಥ ಹಾಳೆ ಕಡ್ಡಾಯವಾಗಲಿ, ಅದಕ್ಕೆ ಸ್ಥಳದಲ್ಲಿ ಹಾಜರಿರುವ ಎಂಜಿನಿಯರ್ ಸಹಿ ಹಾಕಲಿ, ಅದು ಸ್ಥಳೀಯ ಸಂಸ್ಥೆಯ ಜಾಲತಾಣದಲ್ಲಿ ಅದೇ ದಿನ ಪ್ರಕಟವಾಗಲಿ. ಪ್ರತಿ ಇಳಿತಕ್ಕೂ ಲೆಕ್ಕವಿದ್ದರೆ ‘ಅವನೇ ಹೇಳದೆ ಇಳಿದ’ ಎಂಬ ಮಾತಿಗೆ ಜಾಗವಿರುವುದಿಲ್ಲ. ಅಳತೆ ಬರೆಯದೆ ಸಹಿ ಹಾಕಲು ಯಾವ ಎಂಜಿನಿಯರ್‌ನ ಕೈಯೂ ಸುಲಭಕ್ಕೆ ಏಳುವುದಿಲ್ಲ.

ಈ ಮಾತನ್ನು ಬಿ.ಇ. ಓದುತ್ತಿರುವವನಾಗಿ, ನಾಳೆ ಆ ಸಹಿ ಹಾಕಬೇಕಾದವರಲ್ಲಿ ಒಬ್ಬನಾಗಿ ಹೇಳುತ್ತಿದ್ದೇನೆ. ತ್ಯಾಜ್ಯನೀರಿನ ಪಾಠದಲ್ಲಿ ನಾವು ಕೊಳವೆಯ ಇಳಿಜಾರು ಲೆಕ್ಕ ಹಾಕಲು ಮ್ಯಾನಿಂಗ್ ಸೂತ್ರ ಕಲಿಯುತ್ತೇವೆ, ಹೂಳು ನಿಲ್ಲದಂತೆ ಹರಿವಿನ ವೇಗ ಎಷ್ಟಿರಬೇಕೆಂದು ಕಲಿಯುತ್ತೇವೆ, ಮ್ಯಾನ್‌ಹೋಲ್‌ನ ಅಡ್ಡಕೊಯ್ತದ ಚಿತ್ರ ಬರೆದು ಅಂಕ ಪಡೆಯುತ್ತೇವೆ. ಆ ಚಿತ್ರದಲ್ಲಿ ಇಳಿಯುವ ಮೆಟ್ಟಿಲುಗಳನ್ನೂ ಬರೆಯುತ್ತೇವೆ. ಆ ಮೆಟ್ಟಿಲ ಮೇಲೆ ಯಾರು ಇಳಿಯುತ್ತಾರೆ, ಅವರು ಹೇಗೆ ಮೇಲೆ ಬರುತ್ತಾರೆ ಎಂಬುದು ಪರೀಕ್ಷೆಯ ಪ್ರಶ್ನೆಯಾಗಿ ನಾನು ಕಂಡಿಲ್ಲ. ಅನಿಲ ಮಾಪಕ ಹಿಡಿದು ಅಳೆಯುವುದು ಒಂದು ಪ್ರಯೋಗದ ತರಗತಿಯಾದರೂ ಆಗಬೇಕು. ಡಂಪಿ ಲೆವೆಲ್, ಥಿಯೋಡೊಲೈಟ್ ಕೈಗೆ ಕೊಡುವ ಕಾಲೇಜಿಗೆ ಇದೇನೂ ಭಾರವಲ್ಲ.

ನಾಗರಿಕರಾಗಿ ನಾವು ಮಾಡಬಹುದಾದದ್ದೂ ಇದೆ. ನಿಮ್ಮ ಬೀದಿಯಲ್ಲಿ ಒಳಚರಂಡಿ ದುರಸ್ತಿ ಶುರುವಾದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳುವ ಮೊದಲು ಮೂರು ವಿಷಯ ನೋಡಿ. ಗುಂಡಿಯ ಬಾಯಲ್ಲಿ ಗಾಳಿ ಹಾಯಿಸುವ ಬ್ಲೋವರ್ ಓಡುತ್ತಿದೆಯೇ? ಯಾರ ಕೈಯಲ್ಲಾದರೂ ಅನಿಲ ಮಾಪಕ ಇದೆಯೇ? ಇಳಿದವನ ಮೈಗೆ ಕಟ್ಟಿದ ಹಗ್ಗ ಮೇಲಿನ ಮುಕ್ಕಾಲಿಗೆ ಸೇರಿದೆಯೇ? ಮೂರರಲ್ಲಿ ಒಂದಿಲ್ಲದಿದ್ದರೂ ಕೆಲಸ ನಿಲ್ಲಿಸಲು ಹೇಳಿ, ಎಂಜಿನಿಯರ್‌ನನ್ನು ಕರೆಸಿ, 14420 ಸಹಾಯವಾಣಿಗೆ ಫೋನ್ ಮಾಡಿ. ಅಂದು ಸಂಜೆಗೆ ಬೀದಿ ಒಣಗದೆ ಇರಬಹುದು. ಇನ್ನೊಂದು ದಿನ ಮೂಗು ಮುಚ್ಚಿಕೊಂಡು ಓಡಾಡಬೇಕಾಗಬಹುದು. ಬೆಳಿಗ್ಗೆ ಕೆಲಸಕ್ಕೆ ಬಂದವನು ಸಂಜೆ ಮನೆಗೆ ಹೋಗುತ್ತಾನೆ ಎಂದಾದರೆ ಅಷ್ಟು ಸಹಿಸುವುದು ದೊಡ್ಡದಲ್ಲ.